ಎಂಜಿನ್ ತಣ್ಣಗಿರುವಾಗಲೇ ಬಾನೆಟ್ ಎತ್ತಿಸಿ: ಹಳೆಯ ಅಮೆರಿಕನ್ ಲಕ್ಷುರಿ ಸೆಡಾನ್ ಕೊಳ್ಳುವವರಿಗೆ

ಲಿಂಕನ್ ಟೌನ್ ಕಾರ್, ಕ್ಯಾಡಿಲಾಕ್ ಡಿವಿಲ್, ಬ್ಯುಯಿಕ್ ಪಾರ್ಕ್ ಅವೆನ್ಯೂ. ಹೊಸದಾಗಿದ್ದಾಗ ಮೂವತ್ತೈದು, ನಲವತ್ತು ಸಾವಿರ ಡಾಲರ್ ಎಣಿಸಿ ಕೊಂಡ ಈ ಗಾಡಿಗಳು ಇವತ್ತು ಅಮೆರಿಕದ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅಷ್ಟೇ ವಯಸ್ಸಿನ ಸಣ್ಣ ಜಪಾನಿ ಕಾರಿನ ಬೆಲೆಗೆ ಸಿಗುತ್ತವೆ, ಕೆಲವು ಸಲ ಅದಕ್ಕಿಂತ ಕಡಿಮೆಗೂ. ಸೋಫಾದಂಥ ಸೀಟು, ನಾಲ್ಕು ದೊಡ್ಡ ಸೂಟ್‌ಕೇಸ್ ನುಂಗುವ ಡಿಕ್ಕಿ, ಹೈವೇಯಲ್ಲಿ ದಿನವಿಡೀ ಓಡಿಸಿದರೂ ಬೆನ್ನು ನೋಯದ ಸಸ್ಪೆನ್ಷನ್. ಆಸೆ ಹುಟ್ಟುವುದು ಸಹಜ. ಆದರೆ ಇಳಿದಿರುವುದು ಗಾಡಿಯ ಬೆಲೆ ಮಾತ್ರ, ರಿಪೇರಿಯ ಖರ್ಚು ಇಳಿದಿಲ್ಲ. ನಲವತ್ತು ಸಾವಿರದ ಗಾಡಿಯ ರಿಪೇರಿ ಇಂದಿಗೂ ನಲವತ್ತು ಸಾವಿರದ ಗಾಡಿಯದೇ.

ಹಾಗಾಗಿ ಮೊದಲು ದುಡ್ಡಿನ ಲೆಕ್ಕ. ಕೈಯಲ್ಲಿ 5,000 ಡಾಲರ್ ಇದ್ದರೆ 3,300ರ ಗಾಡಿ ನೋಡಿ. ಉಳಿದ ಮೂರನೇ ಒಂದು ಭಾಗವನ್ನು ತೆರಿಗೆ, ನೋಂದಣಿ, ಟೈರು ಮತ್ತು ಮೊದಲ ಮೂರು ತಿಂಗಳ ಕೆಲಸಕ್ಕೆ ಎತ್ತಿಡಿ. ನಾಲ್ಕು ಟೈರು ಒಂದರಲ್ಲೇ ಅದರಲ್ಲಿ ದೊಡ್ಡ ಪಾಲು ಹೋಗುತ್ತದೆ. ಐದು ಸಾವಿರವನ್ನೂ ಗಾಡಿಗೇ ಸುರಿದವರು ಮೊದಲ ರಿಪೇರಿ ಬಂದಾಗ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿಬಿಡುತ್ತಾರೆ. ಆರು ತಿಂಗಳ ಮೇಲೆ ಅದೇ ಗಾಡಿ "ಸ್ವಲ್ಪ ಕೆಲಸ ಇದೆ" ಎಂಬ ಜಾಹೀರಾತಾಗಿ ಬರುತ್ತದೆ. ಅಂಥದ್ದನ್ನು ಕೊಳ್ಳಬೇಡಿ.

ಈ ಬೆಲೆಯಲ್ಲಿ ಆಯ್ಕೆ ಮುಖ್ಯವಾಗಿ ಮೂರು ಎಂಜಿನ್‌ಗಳ ನಡುವೆ. ಫೋರ್ಡ್‌ನ 4.6 ಲೀಟರ್, ಸಿಲಿಂಡರಿಗೆ ಎರಡು ವಾಲ್ವಿನ ವಿ8, ಕ್ಯಾಡಿಲಾಕ್‌ನ 4.6 ಲೀಟರ್ ನಾರ್ತ್‌ಸ್ಟಾರ್ ವಿ8, ಬ್ಯುಯಿಕ್‌ನ 3.8 ಲೀಟರ್ ವಿ6, ಅಂದರೆ ಎಲ್ಲರೂ 3800 ಎಂದು ಕರೆಯುವುದು. ಮೂರೂ ಒಳ್ಳೆಯ ಎಂಜಿನ್‌ಗಳೇ. ಮೂರಕ್ಕೂ ಇರುವ ದೊಡ್ಡ ಕಾಯಿಲೆಯೂ ಒಂದೇ ಜಾಗದಲ್ಲಿದೆ: ಎಂಜಿನ್ ತಂಪಾಗಿಡುವ ದ್ರವದಲ್ಲಿ, ಅಂದರೆ ಕೂಲೆಂಟ್‌ನಲ್ಲಿ. ವ್ಯತ್ಯಾಸ ಇರುವುದು ಆ ಕಾಯಿಲೆಗೆ ತಗಲುವ ಖರ್ಚಿನಲ್ಲಿ. ಬ್ಯುಯಿಕ್‌ನಲ್ಲಿ ಹತ್ತಿಪ್ಪತ್ತು ಡಾಲರಿನ ಪ್ಲಾಸ್ಟಿಕ್ ತುಂಡು, ಫೋರ್ಡ್‌ನಲ್ಲಿ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೆಲವು ನೂರು ಡಾಲರಿನ ಮ್ಯಾನಿಫೋಲ್ಡ್, ನಾರ್ತ್‌ಸ್ಟಾರ್‌ನಲ್ಲಿ ಗಾಡಿಯ ಬೆಲೆಯನ್ನೇ ಮೀರುವ ಬಿಲ್ಲು.

ಆದ್ದರಿಂದ ಮಾರುವವರಿಗೆ ಫೋನಿನಲ್ಲೇ ಹೇಳಿಬಿಡಿ: "ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ." ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬಿಸಿ ಇದ್ದರೆ ಕಾರಣ ಕೇಳಿ, ಬೇಕಿದ್ದರೆ ಇನ್ನೊಂದು ದಿನ ಬನ್ನಿ. ಈ ಗಾಡಿಗಳ ಅರ್ಧ ಗುಟ್ಟು ರಟ್ಟಾಗುವುದು ರಾತ್ರಿಯಿಡೀ ನಿಂತ ತಣ್ಣನೆ ಎಂಜಿನ್‌ನಲ್ಲಿ.

ಫೋರ್ಡ್ 4.6

ಟೌನ್ ಕಾರ್, ಮರ್ಕ್ಯುರಿ ಗ್ರ್ಯಾಂಡ್ ಮಾರ್ಕಿ, ಫೋರ್ಡ್ ಕ್ರೌನ್ ವಿಕ್ಟೋರಿಯಾ ಮೂರೂ ಪ್ಯಾಂಥರ್ ಎಂಬ ಒಂದೇ ಚಾಸಿಯ ಮೇಲೆ ನಿಂತವು. ಬಾಡಿ ಬೇರೆ, ಫ್ರೇಮ್ ಬೇರೆ; ಹಿಂದಿನ ಚಕ್ರ ತಿರುಗಿಸುವ ಹಳೆಯ ವಿನ್ಯಾಸ. ಪೊಲೀಸರು ಮತ್ತು ಟ್ಯಾಕ್ಸಿಯವರು ವರ್ಷಗಟ್ಟಲೆ ಕ್ರೌನ್ ವಿಕ್ಟೋರಿಯಾ ಓಡಿಸಿದ್ದರಿಂದ ಎಂಜಿನ್, ಗೇರ್‌ಬಾಕ್ಸ್, ಬ್ರೇಕಿನ ಬಿಡಿಭಾಗಗಳು ಗುಜರಿಯಲ್ಲೂ ಅಂಗಡಿಯಲ್ಲೂ ಧಾರಾಳ. ಇದೇ ಟೌನ್ ಕಾರಿನ ನಿಜವಾದ ಆಸ್ತಿ. ಹೆಡ್‌ಲೈಟು, ಕ್ರೋಮ್ ಪಟ್ಟಿ, ಒಳಗಿನ ಸ್ವಿಚ್ಚಿನಂಥ ಟೌನ್ ಕಾರಿಗೇ ಮೀಸಲಾದ ಸಾಮಾನು ಮಾತ್ರ ತುಟ್ಟಿ. ಅವು ಮುರಿದಿದ್ದರೆ ಚೌಕಾಸಿಗೆ ಅದೇ ದಾರಿ.

ಈ ಎಂಜಿನ್‌ನ ಇನ್‌ಟೇಕ್ ಮ್ಯಾನಿಫೋಲ್ಡ್ ಪ್ಲಾಸ್ಟಿಕ್ಕಿನದು. 1996ರಿಂದ 2001ರವರೆಗಿನ ಗಾಡಿಗಳಲ್ಲಿ ಮ್ಯಾನಿಫೋಲ್ಡ್‌ನ ಮುಂಭಾಗದಲ್ಲಿ ಕೂಲೆಂಟ್ ಹಾಯುವ ಅಡ್ಡ ಕಾಲುವೆಯೂ ಪ್ಲಾಸ್ಟಿಕ್ಕೇ. ಬಿಸಿಗೆ, ಒತ್ತಡಕ್ಕೆ ಅದು ಸೀಳುತ್ತದೆ. ಟಾರ್ಚ್ ಹಿಡಿದು ಆಲ್ಟರ್ನೇಟರ್‌ನ ಹಿಂದೆ ನೋಡಿ. ಕಪ್ಪು ಪ್ಲಾಸ್ಟಿಕ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅದು ಒಣಗಿದ ಕೂಲೆಂಟ್. ಬೆರಳು ತಾಗಿಸಿ ನೋಡಿದರೆ ಪ್ಲಾಸ್ಟಿಕ್ಕೋ ಲೋಹವೋ ಗೊತ್ತಾಗುತ್ತದೆ: ಈಗ ಸಿಗುವ ಬದಲಿ ಮ್ಯಾನಿಫೋಲ್ಡ್‌ಗಳಲ್ಲಿ ಆ ಕಾಲುವೆ ಅಲ್ಯುಮಿನಿಯಂನದು. ಹಿಂದಿನ ಮಾಲೀಕರು ಆಗಲೇ ಬದಲಾಯಿಸಿದ್ದರೆ ಅಂಥ ಗಾಡಿಗೆ ಇನ್ನೂರು ಡಾಲರ್ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಎಂಜಿನ್‌ನ ಹಿಂಭಾಗದಲ್ಲೂ ಒಂದು ಕಣ್ಣಿಡಿ. ಹೀಟರ್ ಹೋಸ್ ಕೂಡುವ ಜಾಗ ಸೋರಿದರೆ ನೀರು ನೇರವಾಗಿ ನಾಲ್ಕನೇ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಗುಂಡಿಗೆ ಇಳಿಯುತ್ತದೆ. ಪ್ಯಾಸೆಂಜರ್ ಬದಿಯಲ್ಲಿ ಮುಂದಿನಿಂದ ಎಣಿಸಿದರೆ ಕೊನೆಯದು, ಎಂಜಿನ್ ಹಿಂದಿನ ಗೋಡೆಗೆ ಅಂಟಿಕೊಂಡದ್ದು ಅದು. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಒದ್ದೆಯಾಗಿ ಮಿಸ್‌ಫೈರ್, ಅಂದರೆ ಸಿಲಿಂಡರ್ ಉರಿ ತಪ್ಪುವುದು, ಶುರುವಾಗುತ್ತದೆ. ಮೆಕ್ಯಾನಿಕ್ ಹೊಸ ಕಾಯಿಲ್ ಹಾಕುತ್ತಾರೆ, ಎರಡು ತಿಂಗಳಲ್ಲಿ ಅದೂ ಹೋಗುತ್ತದೆ. ಸೋರುವ ಹೋಸನ್ನು ಯಾರೂ ನೋಡಿರುವುದಿಲ್ಲ. ನಾಲ್ಕನೆಯ ಕಾಯಿಲ್ ಒಂದೇ ಹೊಸದಾಗಿ ಹೊಳೆಯುತ್ತಿದ್ದರೆ ಅದರ ಮೇಲಿರುವ ಹೋಸನ್ನು ಒತ್ತಿ ನೋಡಿ.

ಸ್ಪಾರ್ಕ್ ಪ್ಲಗ್ಗಿನ ವಿಷಯಕ್ಕೆ ಬಂದದ್ದರಿಂದ ಇನ್ನೊಂದು ಎಚ್ಚರಿಕೆ. 2000ದ ಆಸುಪಾಸಿನ ಈ ಎಂಜಿನ್‌ಗಳ ಅಲ್ಯುಮಿನಿಯಂ ಹೆಡ್‌ನಲ್ಲಿ ಪ್ಲಗ್ ಹಿಡಿಯುವ ಥ್ರೆಡ್ ತೀರಾ ಕಡಿಮೆ, ನಾಲ್ಕು ಸುತ್ತಿನಷ್ಟು. ಸರಿಯಾಗಿ ಬಿಗಿಯದ ಪ್ಲಗ್ ಥ್ರೆಡ್ಡನ್ನೇ ಕಿತ್ತುಕೊಂಡು ಕಾಯಿಲ್ ಸಮೇತ ಹಾರುತ್ತದೆ. ಪ್ಲಗ್ ಬದಲಿಸುವಾಗ ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಗುಂಡಿಗೆ ಮೊದಲು ಗಾಳಿ ಊದಿ ಮಣ್ಣು ತೆಗೆಯಬೇಕು, ಹೊಸದನ್ನು ಕೈಯಲ್ಲೇ ತಿರುಗಿಸಿ ಕೂರಿಸಿ ಕೊನೆಯಲ್ಲಿ ಟಾರ್ಕ್ ರೆಂಚ್ ಹಿಡಿಯಬೇಕು. "ಅಂದಾಜಿನಲ್ಲಿ ಬಿಗಿದೆ" ಎನ್ನುವವರ ಕೈಗೆ ಈ ಕೆಲಸ ಕೊಡಬೇಡಿ.

ಮಾಡೆಲ್ ವರ್ಷ ಆರಿಸುವ ಅವಕಾಶವಿದ್ದರೆ 2003 ಅಥವಾ ನಂತರದ್ದೇ ಇರಲಿ. ಆ ವರ್ಷ ಫ್ರೇಮಿನ ಮುಂಭಾಗ ಹೊಸದಾಯಿತು, ಹಳೆಯ ಸ್ಟೀರಿಂಗ್ ಬಾಕ್ಸ್ ಹೋಗಿ ರ‍್ಯಾಕ್ ಅಂಡ್ ಪಿನಿಯನ್ ಬಂತು. 2002ರದ್ದನ್ನೂ 2003ರದ್ದನ್ನೂ ಒಂದಾದ ಮೇಲೊಂದು ಓಡಿಸಿದರೆ ಸ್ಟೀರಿಂಗ್ ಹಿಡಿದ ಕೈಗೇ ವ್ಯತ್ಯಾಸ ತಿಳಿಯುತ್ತದೆ. 2011ರಲ್ಲಿ ತಯಾರಿಕೆ ನಿಂತಿತು. ಟೌನ್ ಕಾರಿನ ಉದ್ದ 215 ಇಂಚು ಎಂಬುದು ನೆನಪಿರಲಿ, ಸುಮಾರು ಹದಿನೆಂಟು ಅಡಿ. ಗ್ಯಾರೇಜಿನ ಒಳಗನ್ನು ಟೇಪ್ ಹಿಡಿದು ಅಳೆದ ಮೇಲೆ ಗಾಡಿ ನೋಡಲು ಹೋಗಿ.

ಟೌನ್ ಕಾರಿನ ಹಿಂದೆ ಸ್ಪ್ರಿಂಗ್ ಬದಲು ಗಾಳಿಚೀಲಗಳಿವೆ. ವಯಸ್ಸಾದ ರಬ್ಬರ್ ಮಡಿಕೆಯಲ್ಲಿ ಬಿರಿಯುತ್ತದೆ, ರಾತ್ರಿ ನಿಲ್ಲಿಸಿದ ಗಾಡಿ ಬೆಳಗ್ಗೆ ಬಾಲ ನೆಲಕ್ಕೆ ಹಾಕಿರುತ್ತದೆ. ತಣ್ಣಗಿರುವಾಗ ಹೋಗಬೇಕು ಎನ್ನುವುದಕ್ಕೆ ಇದು ಎರಡನೆಯ ಕಾರಣ: ಸ್ಟಾರ್ಟ್ ಮಾಡಿದರೆ ಕಂಪ್ರೆಸರ್ ಗಾಳಿ ತುಂಬಿ ಎಲ್ಲ ಮುಚ್ಚಿಬಿಡುತ್ತದೆ. ಹಿಂದಿನ ಎರಡೂ ಚಕ್ರಗಳ ನಡುಬಿಂದುವಿನಿಂದ ಫೆಂಡರಿನ ಅಂಚಿನವರೆಗೆ ಅಳೆಯಿರಿ, ಸ್ಟಾರ್ಟ್ ಮಾಡಿ ಒಂದೆರಡು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಒಂದು ಇಂಚಿಗಿಂತ ಹೆಚ್ಚು ಎದ್ದರೆ ಎಲ್ಲೋ ಸೋರಿಕೆ ಇದೆ. ಚೀಲವೇ ಹೋಗಿರಬೇಕೆಂದಿಲ್ಲ, ಎಷ್ಟೋ ಸಲ ಅದರ ಮೇಲಿನ ಸೊಲೆನಾಯ್ಡ್ ಎಂಬ ವಿದ್ಯುತ್ ವಾಲ್ವಿನ ಓ-ರಿಂಗ್, ಅಂದರೆ ರಬ್ಬರ್ ಬಳೆ, ಒಣಗಿರುತ್ತದೆ, ಅದು ಪುಡಿಗಾಸಿನ ಸಾಮಾನು. ಆದರೆ ಸೋರಿಕೆ ತುಂಬಿಸಿ ತುಂಬಿಸಿ ಕಂಪ್ರೆಸರ್ ಸುಟ್ಟುಹೋಗಿದ್ದರೆ ಖರ್ಚು ಬೆಳೆಯುತ್ತದೆ. ಎಲ್ಲ ಬಿಚ್ಚಿ ಮಾಮೂಲಿ ಕಾಯಿಲ್ ಸ್ಪ್ರಿಂಗ್ ಹಾಕುವ ಕಿಟ್ ಸಿಗುತ್ತದೆ, ಅಗ್ಗ, ತಲೆನೋವಿಲ್ಲ. ಆದರೂ ಗಾಳಿಚೀಲವನ್ನೇ ಉಳಿಸಿಕೊಳ್ಳುವುದು ಒಳ್ಳೆಯದು. ಡಿಕ್ಕಿ ತುಂಬಿದಾಗಲೂ ಗಾಡಿ ಸಮತಟ್ಟಾಗಿ ನಿಲ್ಲುವುದೇ ಈ ಗಾಡಿಯ ಸುಖದ ಒಂದು ಭಾಗ.

ಜಾಕ್ ಏರಿಸುವ ಮೊದಲು ಡಿಕ್ಕಿಯಲ್ಲಿರುವ ಏರ್ ಸಸ್ಪೆನ್ಷನ್ ಸ್ವಿಚ್ ಆಫ್ ಮಾಡಲೇಬೇಕು. ಇಲ್ಲವಾದರೆ ಗಾಡಿ ಎತ್ತರವಾಯಿತೆಂದು ಸೆನ್ಸರ್ ಗಾಳಿ ಬಿಡುತ್ತದೆ, ಇಳಿಸುವಾಗ ಖಾಲಿ ಚೀಲ ಅಡ್ಡಾದಿಡ್ಡಿ ಮಡಚಿ ಹರಿಯುತ್ತದೆ. ಟೈರ್ ಅಂಗಡಿಯ ಹುಡುಗರಿಗೆ ಇದು ಗೊತ್ತಿರುವುದಿಲ್ಲ, ನೀವೇ ಆಫ್ ಮಾಡಿ ಕೊಡಿ.

ಎಸಿ ಗಾಳಿ ಎದುರಿನ ಕಿಂಡಿಗಳಲ್ಲಿ ಬಾರದೆ ಗಾಜಿನ ಕಡೆಗೇ ಬೀಸುತ್ತಿದ್ದರೆ ಹೆದರಬೇಡಿ. ಎಸಿ ನಿಯಂತ್ರಕದ ಹಿಂದಿರುವ ವ್ಯಾಕ್ಯೂಮ್ ಸೊಲೆನಾಯ್ಡ್‌ಗಳ ನಾಲ್ಕು ಪುಟ್ಟ ಓ-ರಿಂಗ್ ಗಟ್ಟಿಯಾಗಿರುತ್ತವೆ ಅಷ್ಟೆ. ಮಾರುವವರು ಇದನ್ನು ದೊಡ್ಡ ದೋಷವೆಂದು ನಂಬಿ ಬೆಲೆ ಇಳಿಸಿದ್ದರೆ ನಿಮ್ಮ ಅದೃಷ್ಟ.

ನಾರ್ತ್‌ಸ್ಟಾರ್

2000–2005ರ ಡಿವಿಲ್ ಓಡಿಸಿದವರಿಗೆ ಬೇರೆ ಗಾಡಿ ರುಚಿಸುವುದು ಕಷ್ಟ. ಅಷ್ಟು ನಯ, ಅಷ್ಟು ಬಲ. ಅದಕ್ಕೇ ಇಲ್ಲಿ ಹೆಚ್ಚು ಹುಷಾರಾಗಿರಬೇಕು. ಎಂಜಿನ್ ಬ್ಲಾಕ್ ಅಲ್ಯುಮಿನಿಯಂ, ಅದರೊಳಗೆ ಒಂದೊಂದು ಹೆಡ್ಡಿಗೆ ಹತ್ತರಂತೆ ಇಪ್ಪತ್ತು ಹೆಡ್ ಬೋಲ್ಟ್. ಕಾಲ ಕಳೆದಂತೆ ಬ್ಲಾಕಿನ ಥ್ರೆಡ್ ಸಡಿಲವಾಗಿ ಬೋಲ್ಟಿನ ಹಿಡಿತ ತಪ್ಪುತ್ತದೆ, ಬ್ಲಾಕಿಗೂ ಹೆಡ್ಡಿಗೂ ನಡುವೆ ಸೋರದಂತೆ ಹಿಡಿಯುವ ಹೆಡ್ ಗ್ಯಾಸ್ಕೆಟ್ ಬಾಯಿ ಬಿಡುತ್ತದೆ. ಬರೀ ಗ್ಯಾಸ್ಕೆಟ್ ಬದಲಿಸಿ ಹಳೆಯ ಥ್ರೆಡ್ಡಿಗೇ ಬೋಲ್ಟ್ ಬಿಗಿದರೆ ಮತ್ತೆ ಅದೇ ಪಾಡು. ಎಂಜಿನ್ ಕೆಳಗಿಳಿಸಿ, ಇಪ್ಪತ್ತೂ ತೂತುಗಳನ್ನು ಕೊರೆದು ಉಕ್ಕಿನ ಇನ್ಸರ್ಟ್ ಅಥವಾ ದಪ್ಪ ಸ್ಟಡ್ ಕೂರಿಸಬೇಕು. ಈ ಕೆಲಸ ಆಗಿದೆ ಎಂದು ಮಾರುವವರು ಹೇಳಿದರೆ ರಸೀದಿ ಕೇಳಿ, ಅದರಲ್ಲಿ ಇನ್ಸರ್ಟ್ ಅಥವಾ ಸ್ಟಡ್ ಎಂಬ ಶಬ್ದ ಹುಡುಕಿ. 2004ರಿಂದ ಬ್ಲಾಕಿನ ಥ್ರೆಡ್ ಒರಟಾಗಿ, ಗಟ್ಟಿಯಾಗಿ ಬಂತು. ಹಾಗಾಗಿ ಕ್ಯಾಡಿಲಾಕೇ ಬೇಕೆಂದರೆ 2004–05ರ ಡಿವಿಲ್ ಅಥವಾ ಅದರ ಜಾಗಕ್ಕೆ ಬಂದ, 2006ರಿಂದ 2011ರವರೆಗಿನ ಡಿಟಿಎಸ್.

ಪರೀಕ್ಷೆ ಹೀಗೆ. ರಾತ್ರಿಯಿಡೀ ನಿಂತ ಗಾಡಿಯ ರೇಡಿಯೇಟರಿನ ಮೇಲಿನ ಹೋಸನ್ನು ಹಿಸುಕಿ. ಮೆತ್ತಗಿರಬೇಕು. ತಣ್ಣಗಿದ್ದೂ ಕಲ್ಲಿನಂತೆ ಗಟ್ಟಿಯಾಗಿದ್ದರೆ ಸಿಲಿಂಡರಿನ ಹೊಗೆ ಕೂಲೆಂಟ್ ದಾರಿಗೆ ನುಗ್ಗಿ ಒತ್ತಡ ಉಳಿಸಿದೆ ಎಂದರ್ಥ. ಮೆತ್ತಗಿದ್ದರೆ ಮುಂದಿನ ಹೆಜ್ಜೆ: ಹೈವೇಯಲ್ಲಿ ಹದಿನೈದು ಇಪ್ಪತ್ತು ಮೈಲಿ ಓಡಿಸಿ, ಸಾಧ್ಯವಾದರೆ ಒಂದು ಏರು ಹತ್ತಿಸಿ. ಈ ಎಂಜಿನ್ ನಿಂತಲ್ಲಿ ಗಂಟೆಗಟ್ಟಲೆ ತಣ್ಣಗೆ ಓಡಿ, ಭಾರ ಬಿದ್ದಾಗ ಮಾತ್ರ ಬಿಸಿಯೇರುವುದುಂಟು, ಬೀದಿಯ ಸುತ್ತ ಒಂದು ಸುತ್ತು ಹಾಕಿದರೆ ಏನೂ ತಿಳಿಯದು. ಬಂದ ಮೇಲೆ ಎಂಜಿನ್ ಆರಲು ಬಿಟ್ಟು, ಕೂಲೆಂಟ್ ಟ್ಯಾಂಕಿನ ಕ್ಯಾಪ್ ತೆರೆದು, ಹೊಗೆ ಪತ್ತೆಹಚ್ಚುವ ಬ್ಲಾಕ್ ಟೆಸ್ಟರ್ ಇಟ್ಟು, ಮತ್ತೆ ಸ್ಟಾರ್ಟ್ ಮಾಡಿ ರಬ್ಬರ್ ಬಲ್ಬನ್ನು ಒತ್ತಿ ಒತ್ತಿ ಬಿಡಿ. ಒಳಗಿನ ನೀಲಿ ದ್ರವ ಹಳದಿಗೆ ತಿರುಗಿದರೆ ಹೊಗೆ ಸೇರಿದೆ, ಅಲ್ಲಿಗೆ ವ್ಯಾಪಾರ ಮುಗಿಯಿತು. ಟೆಸ್ಟರಿನೊಳಕ್ಕೆ ಕೂಲೆಂಟ್ ಹೀರಿಕೊಂಡರೆ ಪರೀಕ್ಷೆ ಕೆಡುತ್ತದೆ, ಆದ್ದರಿಂದ ಟ್ಯಾಂಕಿನ ಮಟ್ಟವನ್ನು ಮೊದಲೇ ಎರಡಿಂಚು ತಗ್ಗಿಸಿಕೊಳ್ಳಿ. ಬಿಸಿ ಎಂಜಿನ್‌ನ ಕ್ಯಾಪ್ ಮಾತ್ರ ಯಾವ ಅವಸರಕ್ಕೂ ತೆರೆಯಬೇಡಿ.

ಡಿವಿಲ್ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಇಗ್ನಿಷನ್ ಆನ್ ಮಾಡಿ, ಎಸಿ ಫಲಕದ ಆಫ್ ಮತ್ತು ವಾರ್ಮರ್ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಡ್ಯಾಶ್‌ಬೋರ್ಡಿನ ಪರದೆಯಲ್ಲಿ ಕೋಡುಗಳು ಬರುತ್ತವೆ, ಹಳೆಯವೂ ಸೇರಿ. ಅದರಲ್ಲಿ ಪಿ1258 ಕಂಡರೆ ಎಂಜಿನ್ ಒಮ್ಮೆಯಾದರೂ ಮಿತಿಮೀರಿ ಕಾದು ತನ್ನನ್ನು ಉಳಿಸಿಕೊಳ್ಳಲು ಸಿಲಿಂಡರ್‌ಗಳನ್ನು ಸರದಿಯಲ್ಲಿ ನಿಲ್ಲಿಸಿದೆ. "ಯಾವತ್ತೂ ಬಿಸಿಯಾಗಿಲ್ಲ" ಎಂದವರಿಗೆ ಆ ಪರದೆ ತೋರಿಸಿ. ಒಂದು ಕೋಡೂ ಇಲ್ಲದೆ ಪರದೆ ಖಾಲಿಯಿದ್ದರೆ, ಬ್ಯಾಟರಿ ತೆಗೆದಿದ್ದಿರಾ, ಕೋಡ್ ಅಳಿಸಿದ್ದಿರಾ ಎಂದು ಕೇಳಿ.

ಬಿಸಿಯಾದದ್ದೆಲ್ಲ ಹೆಡ್ ಗ್ಯಾಸ್ಕೆಟ್ ಅಲ್ಲ ಎಂಬುದನ್ನೂ ಹೇಳಬೇಕು. ಎಂಜಿನ್‌ನಿಂದ ಕೂಲೆಂಟ್ ಟ್ಯಾಂಕಿಗೆ ಒಂದು ತೆಳು ಹೋಸ್ ಹೋಗುತ್ತದೆ, ಒಳಗಿನ ಗಾಳಿ ಹೊರಬರುವ ದಾರಿ ಅದು. ಅದು ಕಟ್ಟಿದರೆ ಗಾಳಿ ಒಳಗೇ ಸಿಕ್ಕಿ ಎಂಜಿನ್ ಬಿಸಿಯೇರುತ್ತದೆ. ತಣ್ಣಗಿರುವಾಗ ಟ್ಯಾಂಕಿನ ತುದಿಯಲ್ಲಿ ಬಿಚ್ಚಿ ಸ್ಟಾರ್ಟ್ ಮಾಡಿದರೆ ಕೂಲೆಂಟ್ ಹರಿಯಬೇಕು. ಹರಿಯದಿದ್ದರೆ ಒಂದು ತಂತಿ ತೂರಿಸಿ ಬಿಡಿಸಿಕೊಳ್ಳಬಹುದು. ನೀರಿನ ಪಂಪನ್ನು ಓಡಿಸುವ ಪುಟ್ಟ ಬೆಲ್ಟನ್ನೂ ನೋಡಿ, ಅದು ಕ್ಯಾಮ್‌ಶಾಫ್ಟಿನ ತುದಿಯಿಂದ ತಿರುಗುವಂಥದ್ದು, ಮುಂದಿನ ದೊಡ್ಡ ಬೆಲ್ಟ್ ಬದಲಿಸಿದವರೂ ಇದನ್ನು ಮರೆತಿರುತ್ತಾರೆ. ಟ್ಯಾಂಕಿನ ತಳದಲ್ಲಿ ಸ್ವಲ್ಪ ಕಂದು ಪುಡಿ ಇದ್ದರೆ ಮೋಸ ಎಂದುಕೊಳ್ಳಬೇಡಿ, ಸೋರಿಕೆ ತಡೆಯುವ ಗುಳಿಗೆಯನ್ನು ಈ ಎಂಜಿನ್‌ಗೆ ಕಂಪನಿಯೇ ಹಾಕುತ್ತಿತ್ತು. ಕೆಸರಿನಂತೆ ದಪ್ಪಗಿದ್ದರೆ ಮಾತ್ರ ಅನುಮಾನಿಸಿ.

ಬ್ಯುಯಿಕ್ 3800

ಮೊದಲ ಸಲ ಕೊಳ್ಳುವವರು ನೇರವಾಗಿ ಇದನ್ನೇ ಹುಡುಕಬಹುದು. 1997–2005ರ ಪಾರ್ಕ್ ಅವೆನ್ಯೂ, 2005ರವರೆಗಿನ ಲೆಸೇಬರ್, 2006–08ರ ವಿ6 ಲೂಸರ್ನ್ ಎಲ್ಲದರಲ್ಲೂ ಇದೇ ಎಂಜಿನ್. ಲೂಸರ್ನ್‌ನಲ್ಲಿ ವಿ8 ಎಂದಿದ್ದರೆ ಅದು ನಾರ್ತ್‌ಸ್ಟಾರ್, ಗಮನವಿರಲಿ.

ಬೆಲ್ಟ್ ಟೆನ್ಷನರಿನ ಹತ್ತಿರ ಕೂಲೆಂಟ್ ಹಾಯುವ ಎರಡು ಪ್ಲಾಸ್ಟಿಕ್ ಮೊಣಕೈಗಳಿವೆ. ವಯಸ್ಸಾದಾಗ ಬಿಸ್ಕತ್ತಿನಂತೆ ಪುಡಿಯಾಗುತ್ತವೆ. ತೊಟ್ಟಿಕ್ಕದಿದ್ದರೂ ಕೊಂಡ ವಾರವೇ ಬದಲಿಸಿ, ಅಲ್ಯುಮಿನಿಯಂನವು ಸಿಗುತ್ತವೆ. ಹಳೆಯದನ್ನು ಕೀಳುವಾಗ ಚೂರುಗಳು ಒಳಗೆ ಬೀಳದಂತೆ ಬಟ್ಟೆ ತುರುಕಿ. ಇನ್ನೊಂದು, ಮೇಲಿನ ಪ್ಲಾಸ್ಟಿಕ್ ಇನ್‌ಟೇಕ್. ಅದರ ಮೂಲಕ ಇಜಿಆರ್‌ನ, ಅಂದರೆ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ವ್ಯವಸ್ಥೆಯ, ಬಿಸಿ ಕೊಳವೆ ಹಾಯುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಕರಗಿ ತೆಳುವಾಗಿ ಕೂಲೆಂಟ್ ಎಂಜಿನ್ನೊಳಗೆ ಇಳಿಯುತ್ತದೆ. ನೆಲದ ಮೇಲೆ ಒಂದು ಹನಿಯೂ ಇಲ್ಲ, ಟ್ಯಾಂಕ್ ಮಾತ್ರ ಇಳಿಯುತ್ತಿದೆ, ಬೆಳಗಿನ ಮೊದಲ ಸ್ಟಾರ್ಟಿಗೆ ಬಿಳಿ ಹೊಗೆ ಮತ್ತು ನಡುಕ: ಇದು ಅದೇ. ಹೀಗಿದ್ದೂ ಓಡಿಸಿದರೆ ಒಂದು ದಿನ ಸಿಲಿಂಡರಿನಲ್ಲಿ ನೀರು ತುಂಬಿ, ಸ್ಟಾರ್ಟ್ ಮಾಡುವಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಿದ್ದಿದ ಇನ್‌ಟೇಕ್ ಮತ್ತು ಗ್ಯಾಸ್ಕೆಟ್ ಸೇರಿದ ಕಿಟ್ ಸಿಗುತ್ತದೆ, ಮನೆಯ ಅಂಗಳದಲ್ಲೇ ಒಂದು ಭಾನುವಾರದ ಕೆಲಸ.

ಕಿಟಕಿ ರೆಗ್ಯುಲೇಟರು ಒಂದಾದರೂ ಹೋಗಿರುತ್ತದೆ. ನಾಲ್ಕನ್ನೂ ಇಳಿಸಿ ಏರಿಸಿ ನೋಡಿ.

ಓಡಿಸುವಾಗ, ಕೆಳಗೆ ಬಗ್ಗಿದಾಗ

ಟೌನ್ ಕಾರ್ ನಲವತ್ತು ಐವತ್ತು ಮೈಲಿ ವೇಗದಲ್ಲಿ ಹಗುರವಾಗಿ ಗ್ಯಾಸ್ ಒತ್ತಿದಾಗ, ಒರಟು ರಸ್ತೆಯ ಪಟ್ಟಿಗಳ ಮೇಲೆ ಹೋದಂತೆ ಅದುರಿದರೆ ಎರಡು ಕಾರಣ ಇರಬಹುದು: ಗೇರ್‌ಬಾಕ್ಸಿನ ಟಾರ್ಕ್ ಕನ್ವರ್ಟರ್ ಅಥವಾ ಸೋತ ಕಾಯಿಲ್. ಸೀಟಿನಲ್ಲಿ ಕೂತವರಿಗೆ ಎರಡೂ ಒಂದೇ ಥರ. ಕೊನೆಯ ಗೇರಾದ ಓವರ್‌ಡ್ರೈವ್ ಆಫ್ ಮಾಡಿ ಅದೇ ವೇಗದಲ್ಲಿ ಏರು ಹತ್ತಿಸಿ, ಸ್ಕ್ಯಾನರ್‌ನಲ್ಲಿ ಮಿಸ್‌ಫೈರ್ ಎಣಿಕೆ ನೋಡಿ. ಒಂದೇ ಸಿಲಿಂಡರಿನ ಎಣಿಕೆ ಏರುತ್ತಿದ್ದರೆ ಕಾಯಿಲ್. ಎಣಿಕೆ ಶೂನ್ಯವಾಗಿಯೇ ಇದ್ದು, ಓವರ್‌ಡ್ರೈವಿನಲ್ಲಿ ಮಾತ್ರ ಅದುರಿದರೆ ಕನ್ವರ್ಟರ್. ಹಳಸಿದ ಗೇರ್‌ಬಾಕ್ಸ್ ಆಯಿಲ್ ತೆಗೆದು ಫೋರ್ಡ್‌ನ ಮರ್ಕಾನ್ ವಿ ಆಯಿಲ್ ತುಂಬಿದರೆ ಬಹಳಷ್ಟು ಸಲ ಅದೂ ನಿಲ್ಲುತ್ತದೆ.

ತುಕ್ಕಿಗೆ ಮದ್ದಿಲ್ಲ. ಓಹಾಯೊ, ಮಿಷಿಗನ್, ನ್ಯೂಯಾರ್ಕ್ ಕಡೆ ಚಳಿಗಾಲದ ಉಪ್ಪು ತಿಂದ ಗಾಡಿಯಾದರೆ ಕೆಳಗೆ ಮಲಗಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಎಂದರೆ ಸರಿ, ದಪ್ ಎಂದರೆ ಅಲ್ಲಿ ಲೋಹ ಉಳಿದಿಲ್ಲ. ಟೌನ್ ಕಾರಿನಲ್ಲಿ ಫ್ರೇಮ್ ಮತ್ತು ಹಿಂದಿನ ಕಂಟ್ರೋಲ್ ಆರ್ಮ್ ಕೂಡುವ ಜಾಗ, ಬ್ಯುಯಿಕ್‌ನಲ್ಲಿ ಬಾಗಿಲ ಕೆಳಗಿನ ರಾಕರ್ ಮತ್ತು ಉದ್ದಕ್ಕೂ ಹರಿಯುವ ಬ್ರೇಕ್ ಪೈಪ್ ನೋಡಿ. ಫ್ಲಾರಿಡಾದ ಗಾಡಿ ಕೆಳಗೆ ಚೊಕ್ಕಟ, ಆದರೆ ಮೇಲೆ ಬಟ್ಟೆಯ ಹೊದಿಕೆ ಹಾಕಿದ ಟಾಪ್ ಇದ್ದರೆ ಬೇಡ. ಅದರಡಿ ನೀರು ನಿಂತು ತಗಡು ಕೊಳೆತಿರುತ್ತದೆ, ಹಿಂಗಾಜಿನ ಅಂಚನ್ನು ಒತ್ತಿದರೆ ಗುಳ್ಳೆ ಸಿಗುತ್ತದೆ.

"ಅಜ್ಜಿ ಓಡಿಸಿದ ಗಾಡಿ, ಬರೀ 50,000 ಮೈಲಿ" ಎಂಬ ಮಾತಿಗೆ ಕರಗಬೇಡಿ. ಕ್ಯಾಡಿಲಾಕ್, ಬ್ಯುಯಿಕ್‌ಗಳಲ್ಲಿರುವ ಡೆಕ್ಸ್‌ಕೂಲ್ ಕೂಲೆಂಟಿನ ಆಯುಷ್ಯ 5 ವರ್ಷ ಅಥವಾ 1,50,000 ಮೈಲಿ, ಯಾವುದು ಮೊದಲೋ ಅದು. ಮೈಲಿ ಓಡಲಿಲ್ಲವೆಂದು ಇಪ್ಪತ್ತು ವರ್ಷ ಬದಲಿಸದ ಕೂಲೆಂಟ್ ಒಳಗಿನ ಅಲ್ಯುಮಿನಿಯಂ ತಿನ್ನುತ್ತದೆ. ಟೈರಿನ ಗೋಡೆಯ ಮೇಲೆ DOT ಎಂಬ ಗುರುತಿನ ಕೊನೆಯ ನಾಲ್ಕು ಅಂಕಿ ಓದಿ: 2316 ಎಂದರೆ 2016ರ 23ನೇ ವಾರ. ಹೊಳೆಯುವ ಟ್ರೆಡ್ ಇದ್ದರೂ ಅಂಥದ್ದನ್ನು ಬದಲಿಸಲೇಬೇಕು.

ಕಾಗದಪತ್ರದಲ್ಲಿ ಟೈಟಲ್, ಅಂದರೆ ಮಾಲೀಕತ್ವದ ಪತ್ರದ, ಮೇಲಿನ ಹೆಸರೂ ಮಾರುವವರ ಗುರುತಿನ ಚೀಟಿಯ ಹೆಸರೂ ಒಂದೇ ಇರಬೇಕು, ಸಾಲ ಕೊಟ್ಟವರ ಹೆಸರಿದ್ದರೆ ಸಾಲ ತೀರಿದ ಪತ್ರ ಬೇಕು. 2010 ಅಥವಾ ಹಿಂದಿನ ಮಾಡೆಲ್‌ಗಳಿಗೆ ಓಡೋಮೀಟರ್ ಲೆಕ್ಕ ಬರೆದುಕೊಡುವ ಫೆಡರಲ್ ಕಡ್ಡಾಯ ಈಗಿಲ್ಲ, ಆದ್ದರಿಂದ ಮೀಟರನ್ನು ನಂಬುವ ಬದಲು ಬ್ರೇಕ್ ಪೆಡಲಿನ ರಬ್ಬರ್, ಡ್ರೈವರ್ ಸೀಟಿನ ಅಂಚು ನೋಡಿ. ಹಿಂದಿನ ಸೀಟಿನ ಕಾರ್ಪೆಟ್ ಮುಂದಿನದಕ್ಕಿಂತ ಹೆಚ್ಚು ಸವೆದಿದ್ದರೆ ಬಾಡಿಗೆಗೆ ಓಡಿದ ಟೌನ್ ಕಾರ್. ಅದೇನೂ ದೊಡ್ಡ ಕಳಂಕವಲ್ಲ, ಬೆಲೆ ಅದಕ್ಕೆ ತಕ್ಕಂತಿರಬೇಕು ಅಷ್ಟೆ. ಗಾಡಿಯ ಗುರುತಿನ ಸಂಖ್ಯೆಯಾದ ವಿನ್ ನಂಬರನ್ನು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿದರೆ, ಕಂಪನಿ ದೋಷ ಸರಿಪಡಿಸಲು ವಾಪಸ್ ಕರೆದಿದ್ದೂ ಬಾಕಿ ಉಳಿದ ರೀಕಾಲ್ ಉಚಿತವಾಗಿ ತಿಳಿಯುತ್ತದೆ.

ಮನೆಗೆ ತಂದ ಮೇಲೆ ಮೊದಲ ಕೆಲಸ ಕೂಲೆಂಟ್, ಆಮೇಲೆ ಗೇರ್‌ಬಾಕ್ಸ್ ಆಯಿಲ್, ಆಮೇಲೆ ಟೈರು ಮತ್ತು ಬ್ರೇಕ್ ಹೋಸ್. ಬಣ್ಣ, ಸ್ಪೀಕರು ಎಲ್ಲ ಆರು ತಿಂಗಳ ನಂತರ. ಹೊಸ ಕೂಲೆಂಟ್ ತುಂಬಿ, ಒಂದು ಸಲ ಓಡಿಸಿ, ರಾತ್ರಿ ಆರಲು ಬಿಟ್ಟು, ಮರುದಿನ ಬೆಳಗ್ಗೆ ಟ್ಯಾಂಕಿನ ಮೇಲೆ ಮಾರ್ಕರ್‌ನಿಂದ ಮಟ್ಟಕ್ಕೆ ಒಂದು ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ವಾರಕ್ಕೊಮ್ಮೆ, ಅದೇ ಹೊತ್ತಿನಲ್ಲಿ, ಎಂಜಿನ್ ತಣ್ಣಗಿರುವಾಗ ನೋಡಿ. ಎರಡು ತಿಂಗಳಾದರೂ ಮಟ್ಟ ಆ ಗೆರೆಯಲ್ಲೇ ಇದ್ದರೆ ದೂರದ ಪ್ರಯಾಣಕ್ಕೆ ಹೊರಡಿ.